ಆರನೆಯ ಜಾರ್ಜ್ ದೊರೆಯ ಕಾಲುಗಳು

ನಮ್ಮ ನಾಡಿನ ಹಳೆಯ ಮನೆಗಳಲ್ಲಿ, ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ, ಬ್ರಿಟಿಷರ ಕಾಲದ ನಾಣ್ಯಗಳು ಇಂದಿಗೂ ದೊರೆಯುವುದುಂಟು. 1947ರಲ್ಲಿ ಅಚ್ಚಾದ ರೂಪಾಯಿಯಾದರೆ ಅದರ ಒಂದು ಮುಖದಲ್ಲಿ ಹೆಜ್ಜೆಯಿಡುತ್ತಿರುವ ಹುಲಿಯಿದೆ. ಇನ್ನೊಂದು ಮುಖದಲ್ಲಿ ಕಿರೀಟ ಧರಿಸಿದ, ಮೀಸೆಯಿಲ್ಲದ ದೊರೆಯೊಬ್ಬನ ತಲೆಯಿದೆ. ಆತನೇ ಆರನೆಯ ಜಾರ್ಜ್. ಭಾರತದ ಚಕ್ರವರ್ತಿ ಎಂಬ ಬಿರುದನ್ನು ಹೊತ್ತವರಲ್ಲಿ ಅವನು ಕೊನೆಯವನು. ಆದರೂ ಚಕ್ರವರ್ತಿಯಾಗಿ ಅವನು ಭಾರತದ ನೆಲವನ್ನು ಮೆಟ್ಟಲೇ ಇಲ್ಲ. ಅವನ ತಂದೆ ಐದನೆಯ ಜಾರ್ಜನು 1911ರಲ್ಲಿ ದೆಹಲಿಯಲ್ಲಿ ನಡೆಸಿದಂಥ ವೈಭವದ ದರ್ಬಾರು ಇವನ ಪಾಲಿಗೆ ಬರಲಿಲ್ಲ. ಇವನ ಪಾಲಿಗೆ ಬಂದುದು ಯುದ್ಧ, ಸಾಮ್ರಾಜ್ಯದ ವಿಸರ್ಜನೆ ಮತ್ತು ದೀರ್ಘವಾದ ದೇಹಬಾಧೆ. ಸಾಮ್ರಾಜ್ಯದ ಕಥೆಯನ್ನು ಇತಿಹಾಸದ ಪುಸ್ತಕಗಳು ವಿವರವಾಗಿ ಹೇಳುತ್ತವೆ. ದೇಹಬಾಧೆಯ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

ಅವನು 1895ನೆಯ ಡಿಸೆಂಬರ್ 14ರಂದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಸ್ಯಾಂಡ್ರಿಂಗ್‌ಹ್ಯಾಮ್ ಎಂಬಲ್ಲಿ ಜನಿಸಿದನು. ಅದು ಅವನ ಮುತ್ತಜ್ಜಿ ವಿಕ್ಟೋರಿಯ ರಾಣಿಯ ಪತಿ ತೀರಿಕೊಂಡ ದಿನವಾಗಿದ್ದುದರಿಂದ ಮಗುವಿಗೆ ಆ ಹಿರಿಯನ ಹೆಸರನ್ನೇ, ಆಲ್ಬರ್ಟ್ ಎಂದು, ಇಟ್ಟರು. ಮನೆಯವರೆಲ್ಲ ಅವನನ್ನು ಬರ್ಟಿ ಎಂದು ಕರೆಯುತ್ತಿದ್ದರು. ಅವನು ಎರಡನೆಯ ಮಗ. ರೂಪ, ಮಾತು, ಚುರುಕುತನ ಎಲ್ಲದರಲ್ಲಿಯೂ ಮುಂದಿದ್ದ ಅಣ್ಣ ಎಡ್ವರ್ಡನೇ ಮುಂದಿನ ದೊರೆ ಎಂಬುದು ನಿಶ್ಚಿತವಾಗಿತ್ತು. ಬರ್ಟಿಗೆ ಬಾಲ್ಯದಿಂದಲೂ ಜೀರ್ಣಶಕ್ತಿ ದುರ್ಬಲ. ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗಿದ್ದವು. ಅವನ್ನು ನೇರ ಮಾಡಲೆಂದು ಕಾಲುಗಳಿಗೆ ದಬ್ಬೆ ಕಟ್ಟಿದರು. ಹುಡುಗನು ಆ ನೋವನ್ನು ಹಗಲಿನಲ್ಲಿ ಕೆಲವು ಗಂಟೆ, ರಾತ್ರಿ ನಿದ್ರೆಯಲ್ಲಿಯೂ ಸಹಿಸಬೇಕಾಗಿತ್ತು. ಕಾಲುಗಳೇನೋ ನೆಟ್ಟಗಾದವು. ಎಡಗೈಯಿಂದ ಬರೆಯುತ್ತಿದ್ದವನನ್ನು ಬಲಗೈಯಿಂದಲೇ ಬರೆಯುವಂತೆ ಒತ್ತಾಯಪಡಿಸಿದರು. ಎಂಟನೆಯ ವಯಸ್ಸಿನ ಹೊತ್ತಿಗೆ ಮಾತಿನಲ್ಲಿ ಉಗ್ಗು ಕಾಣಿಸಿಕೊಂಡಿತು. ತಂದೆ ಕಠಿಣ ಸ್ವಭಾವದವನು. ಮಾತು ತಡೆದು ನಿಂತಾಗ ಕಾದು ಕೇಳುವ ಸಹನೆ ಅವನಲ್ಲಿರಲಿಲ್ಲ.

ಅರಸುಮಕ್ಕಳ ವಾಡಿಕೆಯಂತೆ 1909ರಲ್ಲಿ ಅವನನ್ನು ಆಸ್ಬರ್ನಿನ ನೌಕಾಶಾಲೆಗೆ ಸೇರಿಸಿದರು. ಅಲ್ಲಿನ ಕೊನೆಯ ಪರೀಕ್ಷೆಯಲ್ಲಿ ತರಗತಿಯ 68 ಮಂದಿಯಲ್ಲಿ ಅವನದು 68ನೆಯ ಸ್ಥಾನ. ಆದರೆ ಕಡಲಿನಲ್ಲಿ ಅವನು ಹಿಂದೆ ಬೀಳಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ನೆಯ ಮೇ 31ರಂದು ನಡೆದ ಜಟ್ಲೆಂಡ್ ನೌಕಾಯುದ್ಧದಲ್ಲಿ, ಕಾಲಿಂಗ್‌ವುಡ್ ಎಂಬ ಯುದ್ಧನೌಕೆಯ ಫಿರಂಗಿಗೋಪುರದಲ್ಲಿ ನಿಂತು ಸೇವೆ ಸಲ್ಲಿಸಿದನು. ಹೊಟ್ಟೆಹುಣ್ಣಿನ ಕಾಟ ಬಿಡದೆ 1917ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅಲ್ಲಿಂದ ವಾಯುಪಡೆಗೆ ಹೋಗಿ ವಿಮಾನ ನಡೆಸುವುದನ್ನು ಕಲಿತನು. ಇಂಗ್ಲೆಂಡಿನ ರಾಜವಂಶದಲ್ಲಿ ವಿಮಾನಚಾಲಕನ ಅರ್ಹತೆ ಪಡೆದವರಲ್ಲಿ ಅವನೇ ಮೊದಲಿಗನು. ಟೆನ್ನಿಸ್ ಆಟದಲ್ಲಿ ಮಾತ್ರ ಎಡಗೈಯನ್ನು ಯಾರೂ ಕಟ್ಟಿಹಾಕಲಿಲ್ಲ. 1926ರ ವಿಂಬಲ್ಡನ್ ಪಂದ್ಯದ ಜೋಡಿ ಆಟದಲ್ಲಿ ಅವನು ಭಾಗವಹಿಸಿದನು. ಮೊದಲ ಸುತ್ತಿನಲ್ಲಿಯೇ ಸೋತನೆಂಬುದು ಬೇರೆ ಮಾತು. ದಬ್ಬೆ ಕಟ್ಟಿಸಿಕೊಂಡಿದ್ದ ಹುಡುಗನು ಅಂಥ ಅಂಗಳದಲ್ಲಿ ಓಡಾಡಿದ್ದೇ ಸಾಮಾನ್ಯ ಸಾಧನೆಯಲ್ಲ.

1923ರಲ್ಲಿ ಎಲಿಜಬೆತ್ ಬೋಸ್ ಲಯನ್ ಎಂಬ ಕನ್ಯೆಯೊಡನೆ ಅವನ ವಿವಾಹವಾಯಿತು. ಎಲಿಜಬೆತ್, ಮಾರ್ಗರೆಟ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಆ ಗೃಹಸ್ಥಜೀವನವು ಅನ್ಯೋನ್ಯವಾದುದಾಗಿತ್ತು. ಆದರೆ ಸಾರ್ವಜನಿಕ ಸಭೆಗಳಲ್ಲಿ ಭಾಷಣ ಮಾಡುವ ಹೊಣೆ ಎದುರಾದಾಗಲೆಲ್ಲ ಉಗ್ಗು ಅವನನ್ನು ಹಿಂಡುತ್ತಿತ್ತು. 1925ರಲ್ಲಿ ವೆಂಬ್ಲಿಯ ವಸ್ತುಪ್ರದರ್ಶನದ ಸಮಾರೋಪದಲ್ಲಿ ಅವನ ಮಾತು ಮತ್ತೆ ಮತ್ತೆ ತಡೆದು ನಿಂತಿತು. ಅದನ್ನು ಸಾವಿರಾರು ಜನ ಕೇಳಿದರು. ಮರುವರ್ಷ ಲಿಯೊನೆಲ್ ಲೋಗ್ ಎಂಬ ಆಸ್ಟ್ರೇಲಿಯದ ವಾಕ್‌ಚಿಕಿತ್ಸಕನ ಪರಿಚಯವಾಯಿತು. ಲೋಗನು ಔಷಧವನ್ನು ಕೊಡಲಿಲ್ಲ. ಹೊಟ್ಟೆಯ ಆಳದಿಂದ ಉಸಿರೆಳೆಯುವುದನ್ನೂ ವಾಕ್ಯವನ್ನು ಉಸಿರಿಗೆ ತಕ್ಕಂತೆ ಮುರಿಯುವುದನ್ನೂ ಕಲಿಸಿ, ದಿನವೂ ಮನೆಯಲ್ಲಿ ಅಭ್ಯಾಸ ಮಾಡಬೇಕೆಂದು ವಿಧಿಸಿದನು. ರಾಜಕುಮಾರನು ಆ ನಿಯಮವನ್ನು ಒಂದು ದಿನವೂ ಉದಾಸೀನ ಮಾಡದೆ ಪಾಲಿಸಿದನು. 1927ರ ಮೇ ತಿಂಗಳಲ್ಲಿ ಕ್ಯಾನ್‌ಬೆರ ನಗರದಲ್ಲಿ ಆಸ್ಟ್ರೇಲಿಯದ ಸಂಸತ್ ಭವನವನ್ನು ಉದ್ಘಾಟಿಸಿ ಮಾತನಾಡಿದನು. ಉಗ್ಗು ಬೇರುಸಹಿತ ಹೋಗಲಿಲ್ಲ. ಅದನ್ನು ಅಂಕೆಯಲ್ಲಿಟ್ಟುಕೊಳ್ಳುವ ವಿದ್ಯೆ ಅವನಿಗೆ ಕರಗತವಾಯಿತು.

1936ನೆಯ ಡಿಸೆಂಬರ್ ತಿಂಗಳಲ್ಲಿ ಅಣ್ಣ ಎಂಟನೆಯ ಎಡ್ವರ್ಡನು ತಾನು ಮೆಚ್ಚಿದ ಹೆಣ್ಣನ್ನು ವರಿಸುವುದಕ್ಕಾಗಿ ಸಿಂಹಾಸನವನ್ನು ತ್ಯಜಿಸಿದನು. ಬೇಕೆಂದು ಬಯಸದಿದ್ದ ಕಿರೀಟವು ತಮ್ಮನ ತಲೆಗೆ ಬಂದಿತು. ಆಲ್ಬರ್ಟನು ಆರನೆಯ ಜಾರ್ಜ್ ಎಂಬ ಹೆಸರನ್ನು ಧರಿಸಿ, 1937ನೆಯ ಮೇ 12ರಂದು ಪಟ್ಟಾಭಿಷಿಕ್ತನಾದನು. ಮೂರು ವರ್ಷ ಕಳೆಯುವುದರೊಳಗೆ ಎರಡನೆಯ ಮಹಾಯುದ್ಧ ಆರಂಭವಾಯಿತು. ಲಂಡನ್ನಿನ ಮೇಲೆ ಬಾಂಬುಗಳು ಸುರಿಯುತ್ತಿದ್ದಾಗಲೂ ದೊರೆಯೂ ರಾಣಿಯೂ ನಗರವನ್ನು ಕೈಬಿಡಲಿಲ್ಲ. 1940ನೆಯ ಸೆಪ್ಟೆಂಬರ್ 13ರಂದು ಬಕಿಂಗ್‌ಹ್ಯಾಮ್ ಅರಮನೆಯ ಅಂಗಳದಲ್ಲಿಯೇ ಬಾಂಬುಗಳು ಬಿದ್ದವು. ಅವರಿಬ್ಬರೂ ಆಗ ಅರಮನೆಯಲ್ಲಿಯೇ ಇದ್ದರು. ದೊರೆಯು ಉರಿದುಹೋದ ಬೀದಿಗಳಲ್ಲಿ ನಡೆದು ಮನೆ ಕಳೆದುಕೊಂಡವರನ್ನು ಕಂಡನು. 1943ರಲ್ಲಿ ಮಾಲ್ಟ ದ್ವೀಪಕ್ಕೆ ಹೋದನು. 1944ರಲ್ಲಿ ಇಟಲಿಯ ರಣರಂಗಕ್ಕೆ ತೆರಳಿ, ಹತ್ತೊಂಬತ್ತರ ಹರೆಯದ ಕಮಲ್ ರಾಮ್ ಎಂಬ ಭಾರತೀಯ ಸಿಪಾಯಿಯ ಎದೆಗೆ ವಿಕ್ಟೋರಿಯ ಕ್ರಾಸ್ ಪದಕವನ್ನು ಸ್ವಹಸ್ತದಿಂದ ತೊಡಿಸಿದನು.

ಈ ಎಲ್ಲ ವರ್ಷಗಳಲ್ಲಿ ಅವನ ಬೆರಳುಗಳ ನಡುವೆ ಸಿಗರೇಟು ಇದ್ದೇ ಇರುತ್ತಿತ್ತು. ಯೌವನದಲ್ಲಿ ಹತ್ತಿದ ಅಭ್ಯಾಸ ಅದು. ಭಾಷಣದ ಮುಂಚಿನ ಕಳವಳಕ್ಕೂ ಭಾಷಣದ ಅನಂತರದ ಆಯಾಸಕ್ಕೂ ಅದೇ ಆಸರೆ. ಯುದ್ಧದ ಚಿಂತೆ ಹೆಚ್ಚಿದಂತೆ ಸಿಗರೇಟುಗಳ ಸಂಖ್ಯೆಯೂ ಹೆಚ್ಚಿತು. ಆ ಕಾಲವನ್ನು ಇಂದಿನ ಕಣ್ಣಿನಿಂದ ನೋಡಿ ಅವನನ್ನು ಹಳಿಯುವುದು ನ್ಯಾಯವಲ್ಲ. ಸಿಗರೇಟು ನರಗಳಿಗೆ ಸಮಾಧಾನ ನೀಡುತ್ತದೆಂದು ಆಗ ಜನ ನಂಬಿದ್ದರು. ಸೈನಿಕರಿಗೆ ಆಹಾರದ ಜೊತೆಗೆ ಸಿಗರೇಟನ್ನೂ ಹಂಚುತ್ತಿದ್ದರು. ಅಮೆರಿಕದಲ್ಲಿ ಸಿಗರೇಟಿನ ಜಾಹೀರಾತುಗಳಲ್ಲಿ ವೈದ್ಯರ ಚಿತ್ರಗಳನ್ನೇ ಅಚ್ಚು ಹಾಕುತ್ತಿದ್ದರು. 1948ರಲ್ಲಿ ಬ್ರಿಟನ್ನಿನ ಗಂಡಸರಲ್ಲಿ ಐವರಿಗೆ ನಾಲ್ವರು ಯಾವುದಾದರೊಂದು ರೂಪದಲ್ಲಿ ಹೊಗೆ ಸೇದುತ್ತಿದ್ದರು. ದೊರೆಯ ತಂದೆ, ಅಜ್ಜ, ಅಣ್ಣ ಎಲ್ಲರೂ ಅದಕ್ಕೆ ದಾಸರೇ. ಉಗ್ಗನ್ನು ಶತ್ರುವೆಂದು ಗುರುತಿಸಿ ಅದರೊಡನೆ ಹೋರಾಡಿದವನಿಗೆ, ಮಿತ್ರನ ವೇಷದಲ್ಲಿ ಜೇಬಿನೊಳಗೇ ಕುಳಿತಿದ್ದ ಈ ಶತ್ರುವನ್ನು ತೋರಿಸಿಕೊಡುವವರು ಯಾರೂ ಇರಲಿಲ್ಲ.

1947ರಲ್ಲಿ ಭಾರತವು ಸ್ವತಂತ್ರವಾಯಿತು. 1948ನೆಯ ಜೂನ್ 22ರಂದು ದೊರೆಯು ಭಾರತದ ಚಕ್ರವರ್ತಿ ಎಂಬ ಬಿರುದನ್ನು ವಿಧಿಪೂರ್ವಕವಾಗಿ ಬಿಟ್ಟುಕೊಟ್ಟನು. ಅದೇ ವರ್ಷದ ಆರಂಭದಿಂದ ಅವನ ಕಾಲುಗಳಲ್ಲಿ ಸೆಡೆತ ಕಾಣಿಸಿಕೊಂಡಿತ್ತು. ನಡೆಯುವಾಗ ಮೀನಖಂಡವು ಹಿಡಿದುಕೊಂಡಂತಾಗುವುದು. ನಿಂತು ಸುಧಾರಿಸಿಕೊಂಡರೆ ನೋವು ಇಳಿಯುವುದು. ಮತ್ತೆ ನಡೆದರೆ ಮತ್ತೆ ನೋವು. ಬೇಟೆಗೆಂದು ಸ್ಕಾಟ್ಲೆಂಡಿನ ಗುಡ್ಡಗಳನ್ನು ಹತ್ತಿಳಿದು ಅಭ್ಯಾಸವಿದ್ದವನಿಗೆ ಬೇಸಗೆಯ ಹೊತ್ತಿಗೆ ಏರು ಹತ್ತುವುದೇ ಪ್ರಯಾಸವಾಯಿತು. ದಣಿವಿರಬಹುದು, ವಯಸ್ಸಿರಬಹುದು ಎಂದುಕೊಂಡು ಅವನು ಯಾರಿಗೂ ದೂರಲಿಲ್ಲ. ಅವನ ವಯಸ್ಸು ಆಗ ಕೇವಲ 52. ಅಕ್ಟೋಬರ್ ತಿಂಗಳಿನಲ್ಲಿ ಎಡಪಾದವು ಹಗಲೆಲ್ಲ ಜೋಮು ಹಿಡಿದಂತಿರುತ್ತಿತ್ತು. ರಾತ್ರಿ ನೋವಿನಿಂದ ನಿದ್ರೆ ಬರುತ್ತಿರಲಿಲ್ಲ. ಬಳಿಕ ಬಲಗಾಲಿನ ಸ್ಥಿತಿ ಇನ್ನೂ ಕೆಟ್ಟಿತು. ಹೀಗಿದ್ದರೂ ಅಕ್ಟೋಬರ್ 26ರಂದು ಅವನು ರಾಜಪೋಷಾಕಿನಲ್ಲಿ ಪಾರ್ಲಿಮೆಂಟಿನ ಅಧಿವೇಶನವನ್ನು ಉದ್ಘಾಟಿಸಿದನು. ಯುದ್ಧದ ಅನಂತರ ಪೂರ್ಣ ವೈಭವದಿಂದ ನಡೆದ ಮೊದಲ ಉದ್ಘಾಟನೆ ಅದು. ಮೆರವಣಿಗೆಯನ್ನು ನೋಡಿದ ಜನಕ್ಕೆ ದೊರೆಯ ನಿಲುವಂಗಿಯ ಕೆಳಗೆ ನಡೆಯುತ್ತಿದ್ದ ಯಾತನೆ ಕಾಣಲಿಲ್ಲ.

ಕೊನೆಗೆ ವೈದ್ಯರನ್ನು ಕರೆಸಲಾಯಿತು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾಗಿದ್ದ, ರಕ್ತನಾಳಗಳ ರೋಗಗಳಲ್ಲಿ ತಜ್ಞನೆನಿಸಿದ್ದ ಜೇಮ್ಸ್ ಲಿಯರ್ಮಂತನು ನವೆಂಬರ್ 12ರಂದು ದೊರೆಯನ್ನು ಪರೀಕ್ಷಿಸಿದನು. ಕಾಲುಗಳಿಗೆ ರಕ್ತವನ್ನೊಯ್ಯುವ ಅಪಧಮನಿಗಳು ಪೆಡಸಾಗಿ ಇಕ್ಕಟ್ಟಾಗಿವೆಯೆಂದು ನಿರ್ಣಯವಾಯಿತು. ಬಲಪಾದವು ರಕ್ತವಿಲ್ಲದೆ ಸತ್ತು ಕೊಳೆಯಲು ಮೊದಲಾದರೆ ಕಾಲನ್ನು ಕತ್ತರಿಸಿ ತೆಗೆಯಬೇಕಾದೀತೆಂಬ ಭಯವೂ ವೈದ್ಯರಿಗಿತ್ತು. ಅದೇ ದಿನಗಳಲ್ಲಿ ಹಿರಿಯ ಮಗಳು ಎಲಿಜಬೆತ್ತಳಿಗೆ ಹೆರಿಗೆಯ ಸಮಯ. ಮಗಳಿಗೆ ಈ ಸುದ್ದಿ ತಿಳಿಯಬಾರದೆಂದು ತಂದೆಯು ಕಟ್ಟಪ್ಪಣೆ ಮಾಡಿದನು. ನವೆಂಬರ್ 14ರಂದು ಅವಳಿಗೆ ಚಾರ್ಲ್ಸ್ ಎಂಬ ಮಗನು ಹುಟ್ಟಿದನು. ಮೊಮ್ಮಗನ ಜನನದ ಹರ್ಷೋತ್ಸವವೆಲ್ಲ ನಡೆದ ಮೇಲೆಯೇ ದೊರೆಯ ಕಾಯಿಲೆಯ ವಾರ್ತೆಯನ್ನು ಪ್ರಕಟಿಸಿ, ಮುಂದಿನ ವರ್ಷದ ಆಸ್ಟ್ರೇಲಿಯ ಪ್ರವಾಸವನ್ನು ಮುಂದಕ್ಕೆ ಹಾಕಲಾಯಿತು.

ಈ ರೋಗದ ಬಗೆಯನ್ನು ಸ್ವಲ್ಪ ತಿಳಿಯುವುದು ಅವಶ್ಯ. ಹೃದಯದಿಂದ ಹೊರಟ ಶುದ್ಧರಕ್ತವು ಹೊಟ್ಟೆಯ ಹಿಂಭಾಗದ ದೊಡ್ಡ ನಾಳದಲ್ಲಿ ಇಳಿದು, ಎರಡಾಗಿ ಕವಲೊಡೆದು, ತೊಡೆ, ಮಂಡಿ, ಮೀನಖಂಡಗಳನ್ನು ಹಾಯ್ದು ಕಾಲ್ಬೆರಳ ತುದಿಯನ್ನು ಮುಟ್ಟುತ್ತದೆ. ಕಟ್ಟೆಕಾಲುವೆಯಲ್ಲಿ ಹೂಳು ತುಂಬಿದರೆ ನೀರಿನ ಅಭಾವ ಮೊದಲು ಕಾಣುವುದು ಕೊನೆಯ ಗದ್ದೆಯಲ್ಲಿ. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು, ಸುಣ್ಣದಂಶ ಮೊದಲಾದವು ಸೇರಿ ಗಂಟುಕಟ್ಟಿದಾಗ ಹೀಗೆಯೇ ಆಗುತ್ತದೆ. ಕುಳಿತವನ ಸ್ನಾಯುವಿಗೆ ಅಲ್ಪ ರಕ್ತ ಸಾಕು. ನಡೆಯುವವನಿಗೆ ಅದರ ಹಲವು ಪಾಲು ಬೇಕು. ಬೇಕಾದಷ್ಟು ಒದಗದಾಗ ಸ್ನಾಯುವು ನೋವಿನ ಮೂಲಕ ದೂರು ಹೇಳುತ್ತದೆ. ರೋಗ ಬಲಿತರೆ ಮಲಗಿದ್ದಾಗಲೂ ಪಾದ ನೋಯುತ್ತದೆ. ಸಣ್ಣ ಗಾಯವೂ ಮಾಯುವುದಿಲ್ಲ. ಹೊಗೆಸೊಪ್ಪಿನ ಹೊಗೆಯು ಈ ಕೇಡಿಗೆ ಹಲವು ಬಗೆಯಲ್ಲಿ ಒತ್ತಾಸೆಯಾಗುತ್ತದೆ. ಅದರ ನಿಕೋಟಿನ್ ನಾಳಗಳನ್ನು ಸಂಕೋಚಗೊಳಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಉಳಿದ ವಿಷಗಳು ನಾಳದ ನುಣುಪಾದ ಒಳಪದರವನ್ನು ಕೆರೆದು, ರಕ್ತವು ಹೆಪ್ಪುಗಟ್ಟುವುದಕ್ಕೆ ಅನುಕೂಲ ಕಲ್ಪಿಸುತ್ತವೆ. ಹೃದಯದ ನಾಳಗಳಿಗಿಂತ ಕಾಲಿನ ನಾಳಗಳ ಮೇಲೆಯೇ ಅದರ ಪೆಟ್ಟು ಬಲವಾಗಿ ಬೀಳುತ್ತದೆ.

ದೊರೆಗೆ ಇದ್ದುದು ಬ್ಯೂರ್ಗರನ ರೋಗವಿದ್ದೀತೆಂದು ಊಹಿಸಿದವರೂ ಉಂಟು. ನ್ಯೂಯಾರ್ಕಿನ ವೈದ್ಯ ಲಿಯೊ ಬ್ಯೂರ್ಗರನು 1908ರಲ್ಲಿ ವಿವರಿಸಿದ ಆ ವ್ಯಾಧಿಯಲ್ಲಿ ಕೈಕಾಲುಗಳ ಸಣ್ಣ ನಾಳಗಳು ಉರಿಯೂತಗೊಂಡು ಮುಚ್ಚಿಹೋಗುತ್ತವೆ. ಅದಕ್ಕೆ ತುತ್ತಾಗುವವರು ಬಹುಮಟ್ಟಿಗೆ ಹೊಗೆ ಸೇದುವ ತರುಣರೇ. ನಮ್ಮ ದೇಶದಲ್ಲಿ ಬೀಡಿ ಸೇದುವವರಲ್ಲಿ ಈ ರೋಗವು ವೈದ್ಯರಿಗೆ ಚಿರಪರಿಚಿತ. ಎಷ್ಟೋ ಮಂದಿ ಕೂಲಿಕಾರರು ನಲವತ್ತು ತುಂಬುವ ಮೊದಲೇ ಕಾಲ್ಬೆರಳುಗಳನ್ನು, ಪಾದವನ್ನು ಕಳೆದುಕೊಂಡಿದ್ದಾರೆ. ಬೀಡಿಯನ್ನು ಪೂರ್ತಿಯಾಗಿ ಬಿಟ್ಟವರಲ್ಲಿ ರೋಗವು ಅಲ್ಲಿಗೇ ನಿಲ್ಲುವುದುಂಟು. ದಿನಕ್ಕೆ ಒಂದೆರಡನ್ನು ಉಳಿಸಿಕೊಂಡವರಲ್ಲಿ ನಿಲ್ಲುವುದಿಲ್ಲ.

ದೊರೆಯನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿದರು. ಸಿಗರೇಟನ್ನು ಕಡಿಮೆ ಮಾಡುವಂತೆ ಹೇಳಿದರು. ಕಡಿಮೆ ಮಾಡಬೇಕೆಂದರೇ ಹೊರತು ಬಿಡಲೇಬೇಕೆಂದು ಪಟ್ಟು ಹಿಡಿಯುವಷ್ಟು ಜ್ಞಾನ ಆ ಕಾಲದ ವೈದ್ಯಕ್ಕೆ ಇನ್ನೂ ಬಂದಿರಲಿಲ್ಲ. ವಿಶ್ರಾಂತಿಯಿಂದ ಕಾಲು ಸ್ವಲ್ಪ ಸುಧಾರಿಸಿತು. ಆದರೆ 1949ರ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ, ಉಳಿದ ಆಯುಷ್ಯವನ್ನು ರೋಗಿಯಂತೆ ಕಳೆಯದಿರಬೇಕಾದರೆ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದು ತಿಳಿದುಬಂತು. ಅರಮನೆಯ ಕೋಣೆಯೊಂದನ್ನೇ ಶಸ್ತ್ರಚಿಕಿತ್ಸೆಗೆ ಸಜ್ಜುಗೊಳಿಸಿದರು. ಮಾರ್ಚ್ 12ರಂದು ಲಿಯರ್ಮಂತನು ದೊರೆಯ ಸೊಂಟದ ಬಳಿ, ಬೆನ್ನೆಲುಬಿನ ಪಕ್ಕದಲ್ಲಿರುವ ಒಂದು ನರಸಮೂಹವನ್ನು ಕತ್ತರಿಸಿದನು. ನಾಳಗಳನ್ನು ಬಿಗಿಹಿಡಿಯುವಂತೆ ಆಜ್ಞೆ ಕೊಡುವ ನರಗಳು ಅವು. ಆಜ್ಞೆ ನಿಂತುಹೋದರೆ ಸಣ್ಣ ನಾಳಗಳು ಸಡಿಲಗೊಂಡು ಪಾದಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಕಾಲು ಉಳಿಯಿತು. ಆದರೆ ಹೂಳು ಇದ್ದಲ್ಲಿಯೇ ಇತ್ತು. ಮುಚ್ಚಿಹೋದ ನಾಳವನ್ನು ಬಳಸಿ, ರೋಗಿಯ ಸ್ವಂತ ಅಭಿಧಮನಿಯನ್ನೇ ತೆಗೆದು ಹೊಸ ದಾರಿಯಂತೆ ಹೊಲಿಯುವ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಾನ್ ಕುನ್ಲಿನ್ ಎಂಬ ವೈದ್ಯನು 1948ರಲ್ಲಷ್ಟೇ ಆರಂಭಿಸಿದ್ದನು. ಅದು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಕಾಲ ಹಿಡಿಯಿತು.

ಚೇತರಿಸಿಕೊಂಡ ದೊರೆಯು ಲಿಯರ್ಮಂತನು ನೋಡಲು ಬಂದಾಗ ಖಡ್ಗವನ್ನು ತರಿಸಿ, ಹಾಸಿಗೆಯ ಬಳಿಯಲ್ಲಿಯೇ ಅವನಿಗೆ ಸರ್ ಪದವಿಯನ್ನು ಪ್ರದಾನ ಮಾಡಿದನು. ಶಸ್ತ್ರವೈದ್ಯನಿಗೆ ರೋಗಿಯು ಶಸ್ತ್ರದಿಂದಲೇ ಸನ್ಮಾನ ಮಾಡಿದಂತಾಯಿತು. ಇದಾದ ಮುಂದಿನ ತಿಂಗಳಿನಲ್ಲಿಯೇ, 1949ರ ಏಪ್ರಿಲ್ ತಿಂಗಳಲ್ಲಿ, ಜವಾಹರಲಾಲ್ ನೆಹರೂ ಅವರೂ ಭಾಗವಹಿಸಿದ್ದ ಲಂಡನ್ ಸಮ್ಮೇಳನದಲ್ಲಿ, ಗಣರಾಜ್ಯವಾಗಲಿರುವ ಭಾರತವು ಕಾಮನ್‌ವೆಲ್ತ್ ಕೂಟದಲ್ಲಿ ಉಳಿಯಬಹುದೆಂದೂ ದೊರೆಯು ಆ ಕೂಟಕ್ಕೆ ಮುಖ್ಯಸ್ಥನಾಗಿರುವನೆಂದೂ ತೀರ್ಮಾನವಾಯಿತು. ಜೂನ್ ತಿಂಗಳ ಸೇನಾಕವಾಯತಿಗೆ ಅವನು ಕುದುರೆಯೇರಿ ಬರಲಿಲ್ಲ. ತೆರೆದ ಸಾರೋಟಿನಲ್ಲಿ ಕುಳಿತು ಬಂದನು.

ದೊರೆಯು ಹೀಗೆ ಕಾಲಿನ ಚಿಂತೆಯಲ್ಲಿದ್ದ ವರ್ಷಗಳಲ್ಲಿಯೇ, ಆ ಕಾಲುಗಳನ್ನು ಕಾಡಿದುದು ಏನೆಂಬುದನ್ನು ವಿಜ್ಞಾನವು ಕಂಡುಕೊಳ್ಳುತ್ತಿತ್ತು. ವಿಧಿಯ ವ್ಯಂಗ್ಯವೆಂದರೆ ಇದೇ ಇರಬೇಕು. 1948ರಲ್ಲಿ ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5209 ಮಂದಿ ಸ್ತ್ರೀಪುರುಷರನ್ನು ಎರಡೆರಡು ವರ್ಷಗಳಿಗೊಮ್ಮೆ ಪರೀಕ್ಷಿಸುವ ದೀರ್ಘ ಅಧ್ಯಯನವು ಪ್ರಾರಂಭವಾಯಿತು. ಯಾರಿಗೆ ಹೃದ್ರೋಗ ಬರುತ್ತದೆ, ಯಾರಿಗೆ ಕಾಲಿನ ನಾಳಗಳು ಕಟ್ಟಿಕೊಳ್ಳುತ್ತವೆ, ಅವರಲ್ಲಿ ಮೊದಲಿನಿಂದ ಕಂಡುಬರುವ ಸಮಾನ ಲಕ್ಷಣಗಳಾವುವು ಎಂಬುದನ್ನು ಕಾದು ನೋಡುವ ಕೆಲಸ ಅದು. ಧೂಮಪಾನ, ರಕ್ತದ ಏರೊತ್ತಡ, ರಕ್ತದಲ್ಲಿ ಕೊಲೆಸ್ಟರಾಲಿನ ಆಧಿಕ್ಯ, ಮಧುಮೇಹ ಇವು ರೋಗದ ಮುನ್ಸೂಚಕಗಳೆಂದು ಸ್ಥಿರಪಡಲು ಹತ್ತಾರು ವರ್ಷಗಳು ಬೇಕಾದವು. ಇತ್ತ ಲಂಡನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು 1950ನೆಯ ಸೆಪ್ಟೆಂಬರ್ ತಿಂಗಳಲ್ಲಿ ಪ್ರಕಟಿಸಿದರು. ತನ್ನದೇ ಲೆಕ್ಕಾಚಾರವನ್ನು ಕಂಡು ಬೆದರಿದ ಡಾಲನು ಅಧ್ಯಯನದ ನಡುವೆಯೇ ಸಿಗರೇಟನ್ನು ಬಿಟ್ಟನು. ಆ ಲೇಖನವು ಪ್ರಕಟವಾದಾಗ ದೊರೆಯು ರಾಜ್ಯಭಾರ ನಡೆಸುತ್ತ, ಮೊದಲಿಗಿಂತ ಕಡಿಮೆಯಾಗಿಯಾದರೂ, ಸಿಗರೇಟು ಸೇದುತ್ತಲೇ ಇದ್ದನು.

ಅದಾದ ಒಂದು ವರ್ಷಕ್ಕೆ ಅವನ ಎಡಶ್ವಾಸಕೋಶದಲ್ಲಿಯೇ ಆ ರೋಗ ಕಾಣಿಸಿಕೊಂಡಿತು. 1951ರ ಬೇಸಗೆಯಲ್ಲಿ ಜ್ವರ, ಕೆಮ್ಮುಗಳಿಂದ ಅವನು ಬಳಲಿದ್ದನು. ಸೆಪ್ಟೆಂಬರ್ 23ರಂದು ಕ್ಲೆಮೆಂಟ್ ಪ್ರೈಸ್ ಥಾಮಸ್ ಎಂಬ ಶಸ್ತ್ರವೈದ್ಯನು ಆ ಶ್ವಾಸಕೋಶವನ್ನು ಪೂರ್ಣವಾಗಿ ತೆಗೆದುಹಾಕಿದನು. ರೋಗದ ನಿಜವಾದ ಹೆಸರನ್ನು ಪ್ರಜೆಗಳಿಗೂ ತಿಳಿಸಲಿಲ್ಲ, ದೊರೆಗೂ ತಿಳಿಸಲಿಲ್ಲ. ರೋಗಿಗೆ ಕೆಟ್ಟ ಸುದ್ದಿ ಹೇಳಬಾರದೆಂಬುದು ಆಗಿನ ಕ್ರಮ. ಪ್ರೈಸ್ ಥಾಮಸನು ಸ್ವತಃ ಸಿಗರೇಟಿನ ವ್ಯಸನಿ. ಮುಂದೆ ಅವನಿಗೂ ಅದೇ ಕ್ಯಾನ್ಸರ್ ಬಂದು ಅವನ ಶಿಷ್ಯರೇ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದರು. ಆ ವರ್ಷದ ಕ್ರಿಸ್‌ಮಸ್ ಭಾಷಣವನ್ನು ನೇರವಾಗಿ ಪ್ರಸಾರ ಮಾಡುವ ಚೈತನ್ಯ ದೊರೆಗೆ ಇರಲಿಲ್ಲ. ತುಂಡುತುಂಡಾಗಿ ಮುದ್ರಿಸಿಕೊಂಡು ಜೋಡಿಸಿದರು. ಕಾಲು ಶತಮಾನದ ಅಭ್ಯಾಸದಿಂದ ಒಲಿಸಿಕೊಂಡಿದ್ದ ಉಸಿರೇ ಅವನಿಗೆ ಸಾಲದಾಗಿತ್ತು.

1952ನೆಯ ಜನವರಿ 31ರಂದು, ಕೊರೆಯುವ ಗಾಳಿಯಲ್ಲಿ ಲಂಡನ್ ವಿಮಾನನಿಲ್ದಾಣದಲ್ಲಿ ನಿಂತು, ತನ್ನ ಬದಲಿಗೆ ದೂರಪ್ರವಾಸಕ್ಕೆ ಹೊರಟ ಮಗಳನ್ನೂ ಅಳಿಯನನ್ನೂ ಬೀಳ್ಕೊಟ್ಟನು. ಫೆಬ್ರವರಿ 5ರಂದು ಸ್ಯಾಂಡ್ರಿಂಗ್‌ಹ್ಯಾಮಿನ ಬಯಲಿನಲ್ಲಿ ಮೊಲದ ಬೇಟೆಯಾಡಿ, ಸಂತೋಷದಿಂದ ಊಟ ಮಾಡಿ ಮಲಗಿದನು. ಮರುದಿನ ಬೆಳಗ್ಗೆ ಸೇವಕನು ಬಂದು ನೋಡಿದಾಗ ಪ್ರಾಣ ಹೋಗಿತ್ತು. ಹೃದಯದ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದುದೇ ಮರಣಕ್ಕೆ ಕಾರಣವೆಂದು ತಿಳಿಸಲಾಯಿತು. ವಯಸ್ಸು 56. ಹುಟ್ಟಿದ ಮನೆತನದ ಜಮೀನಿನಲ್ಲಿಯೇ ಅವನ ಜೀವನವು ಕೊನೆಗೊಂಡಿತು. ಮಗಳು ಆಫ್ರಿಕದ ಕೆನ್ಯದಲ್ಲಿದ್ದಳು. ಅಲ್ಲಿಂದ ಅವಳು ರಾಣಿಯಾಗಿ ಹಿಂದಿರುಗಿದಳು.

ಕಾಲಿನ ನಾಳ, ಹೃದಯದ ನಾಳ, ಮಿದುಳಿನ ನಾಳ ಇವು ಬೇರೆ ಬೇರೆ ಅಲ್ಲ, ಒಂದೇ ಮರದ ಕೊಂಬೆಗಳು. ಒಂದು ಕೊಂಬೆಗೆ ತಗುಲಿದ ರೋಗವು ಇನ್ನೊಂದರಲ್ಲಿಯೂ ಇರುವ ಸಂಭವ ಹೆಚ್ಚು ಎಂಬುದನ್ನು ಇಂದಿನ ವೈದ್ಯರು ಮೊದಲು ನೆನೆಯುತ್ತಾರೆ. 1948ರಲ್ಲಿ ದೊರೆಯ ಕಾಲುಗಳು ಹೇಳಿದ ಮಾತು ಅದೇ ಆಗಿತ್ತು; ಅದನ್ನು ಓದುವ ಲಿಪಿ ಆಗ ಸಿದ್ಧವಾಗಿರಲಿಲ್ಲ. ಇಂದು ಅಂಥ ರೋಗಿಯು ಬಂದರೆ ವೈದ್ಯನು ತೋಳಿನ ಮತ್ತು ಕಣಕಾಲಿನ ರಕ್ತದ ಒತ್ತಡಗಳನ್ನು ಅಳೆದು ಹೋಲಿಸುತ್ತಾನೆ. ಕಣಕಾಲಿನ ಒತ್ತಡವು ತೋಳಿನ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲನ್ನು ಮೀರದಿದ್ದರೆ ನಾಳವು ಇಕ್ಕಟ್ಟಾಗಿದೆಯೆಂದು ತಿಳಿಯುತ್ತದೆ. ಚಾಕುವನ್ನು ಹಿಡಿಯುವುದಕ್ಕೆ ಮೊದಲು ಹೊಗೆಯನ್ನು ಸಂಪೂರ್ಣವಾಗಿ ಬಿಡಿಸುತ್ತಾನೆ. ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಹದದಲ್ಲಿಡುತ್ತಾನೆ. ಕೊಲೆಸ್ಟರಾಲನ್ನು ತಗ್ಗಿಸುವ ಸ್ಟಾಟಿನ್ ಗುಳಿಗೆಗಳನ್ನೂ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ನಿನಂಥ ಔಷಧವನ್ನೂ ಕೊಡುತ್ತಾನೆ. ಮಧುಮೇಹಿಗಳಾದರೆ ಬರಿಗಾಲಿನಲ್ಲಿ ತಿರುಗಬಾರದು, ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು ಎನ್ನುತ್ತಾನೆ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದುದೂ ತಿಳಿಯುವುದಿಲ್ಲ.

ದೊರೆಯನ್ನು ಮಲಗಿಸಿದ್ದರಷ್ಟೆ, ಗಾಯವಿಲ್ಲದ, ನಡೆಯುವಾಗ ಮಾತ್ರ ನೋಯುವ ಕಾಲಿಗೆ ಇಂದು ನಡೆಸುವುದೇ ಚಿಕಿತ್ಸೆ. ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ನೋವು ಇಳಿದೊಡನೆ ಮತ್ತೆ ನಡೆಯುವುದು: ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಹೀಗೆ ಮೂರು ತಿಂಗಳು ಮಾಡಿದರೆ ನೋವಿಲ್ಲದೆ ನಡೆಯಬಲ್ಲ ದೂರವು ಗಣನೀಯವಾಗಿ ಹೆಚ್ಚುತ್ತದೆ. ದಿನದಿನದ ಅಭ್ಯಾಸವೆಂದರೆ ದೊರೆಗೆ ಹೊಸದಲ್ಲ. ಲೋಗನು ಹೇಳಿಕೊಟ್ಟ ಪಾಠವನ್ನು ಅಷ್ಟು ವರ್ಷ ತಪ್ಪದೆ ಒಪ್ಪಿಸಿದವನಿಗೆ ಈ ಪಾಠವನ್ನು ಹೇಳಿಕೊಡುವವರು ಸಿಕ್ಕಿದ್ದರೆ ಅವನು ಅದನ್ನೂ ಒಪ್ಪಿಸುತ್ತಿದ್ದನು.

ತಂದೆಯ ಕೆಮ್ಮನ್ನೂ ಕಾಲುನೋವನ್ನೂ ಕಂಡಿದ್ದ ಹಿರಿಯ ಮಗಳು ಸಿಗರೇಟನ್ನು ಮುಟ್ಟಲಿಲ್ಲ. ಅವಳನ್ನು ಕೈಹಿಡಿದ ಫಿಲಿಪ್ಪನು 1947ರಲ್ಲಿ ತಮ್ಮ ವಿವಾಹದ ಸಂದರ್ಭದಲ್ಲಿಯೇ ಧೂಮಪಾನವನ್ನು ತೊರೆದನು. ಅವನು 99 ವರ್ಷ, ಅವಳು 96 ವರ್ಷ ಬಾಳಿದರು. ಕಿರಿಯಳಾದ ಮಾರ್ಗರೆಟ್ ತಂದೆಯ ದಾರಿಯನ್ನೇ ಹಿಡಿದಳು. 1985ರಲ್ಲಿ ಅವಳ ಶ್ವಾಸಕೋಶದ ಒಂದು ಭಾಗವನ್ನು ತೆಗೆಯಬೇಕಾಯಿತು. ಬಳಿಕ ಹಲವು ಬಾರಿ ಪಾರ್ಶ್ವವಾಯು ಬಡಿಯಿತು. ತಂದೆ ತೀರಿಕೊಂಡು ಐವತ್ತು ವರ್ಷಗಳ ಮೇಲೆ ಮೂರು ದಿನಗಳು ಕಳೆದಾಗ, 2002ನೆಯ ಫೆಬ್ರವರಿ 9ರಂದು, ಅವಳು ಮರಣ ಹೊಂದಿದಳು. ಅವಳ ಚಿತಾಭಸ್ಮವನ್ನು ವಿಂಡ್ಸರಿನಲ್ಲಿ ಆರನೆಯ ಜಾರ್ಜನ ಸಮಾಧಿಯಲ್ಲಿಯೇ ಇರಿಸಿದ್ದಾರೆ.